ಅಪ್ಪನಿಗೆ ಎಲೆ ಇಡದ ಮನೆ

ಕಾಪುವಿನ ನಮ್ಮ ಮನೆಯ ಚಾವಡಿಯ ಗೋಡೆಯಲ್ಲಿ, ನೆಲದಿಂದ ಎರಡೂವರೆ ಅಡಿ ಎತ್ತರದಲ್ಲಿ, ತೆಂಗಿನೆಣ್ಣೆಯ ಜಿಡ್ಡಿನ ಒಂದು ಕಲೆ ಇತ್ತು. ವರ್ಷಕ್ಕೊಮ್ಮೆ ಅಮ್ಮ ಅದರ ಮೇಲೆ ಸುಣ್ಣ ಬಳಿಯುತ್ತಿದ್ದಳು. ಮಳೆಗಾಲ ಬರುವ ಹೊತ್ತಿಗೆ ಅದು ಮತ್ತೆ ಮೂಡುತ್ತಿತ್ತು. ಅದು ಅಪ್ಪನ ತಲೆಯ ಗುರುತು. ಎಲ್ಲರ ಹಾಗೆ ಚಾಪೆ ಹಾಸಿ, ಕಾಲು ಚಾಚಿ ಅಪ್ಪ ಮಲಗಿದ್ದನ್ನು ನಾನು ನೋಡಿಲ್ಲ. ಗೋಡೆಗೆ ಬೆನ್ನು ಕೊಟ್ಟು, ಬಲಗಡೆಗೆ ಒಂದು ಅಕ್ಕಿ ಮೂಟೆ ಒತ್ತಿಟ್ಟುಕೊಂಡು, ಕೂತಲ್ಲೇ ಕಣ್ಣು ಮುಚ್ಚುತ್ತಿದ್ದ. ಮಧ್ಯಾಹ್ನದ ಊಟ ಮುಗಿದು ಮನೆಯವರೆಲ್ಲ ಅಡ್ಡಾದಾಗಲೂ ಅವನೊಬ್ಬ ಕೂತೇ ಇರುತ್ತಿದ್ದ. ಎಲ್ಲರ ಅಪ್ಪಂದಿರೂ ನಿದ್ದೆ ಮಾಡುವುದು ಹೀಗೆಯೇ ಎಂದು ನಾನು ತಿಳಿದಿದ್ದೆ. ಒಂದು ಸಲ ನೆರೆಮನೆಯ ಗಂಡಸು ಬಾಯಿ ತೆರೆದು ಅಂಗಾತ ಮಲಗಿದ್ದನ್ನು ಕಂಡು, ಅವರಿಗೆ ಏನೋ ಆಗಿದೆ ಎಂದು ಓಡಿಬಂದು ಅಮ್ಮನಿಗೆ ಹೇಳಿದ್ದೆ. ಅಮ್ಮ ನಗಲಿಲ್ಲ. ಅವಳು ಯಾಕೆ ನಗಲಿಲ್ಲ ಎಂದು ಅರ್ಥವಾಗಲು ನನಗೆ ಐವತ್ತು ವರ್ಷ ಬೇಕಾಯಿತು.

ಈಗ ಅರುವತ್ತು ದಾಟಿದ ನಾನು ಅಲೆವೂರಿನ ನನ್ನ ಪುಟ್ಟ ಮನೆಯಲ್ಲಿ ಬೆನ್ನ ಹಿಂದೆ ಮೂರು ದಿಂಬು ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಅರ್ಧ ಪುಟ ಬರೆದರೆ ಪೆನ್ನು ಇಟ್ಟು ಸುಧಾರಿಸಿಕೊಳ್ಳಬೇಕು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ, ಕೊನೆಯ ಬೆಂಚಿನವರನ್ನೂ ಗದರಿಸಿದ ಗಂಟಲಿಗೆ ಈಗ ಒಂದು ವಾಕ್ಯ ಮುಗಿಸುವಷ್ಟು ಉಸಿರಿಲ್ಲ. ವಾಕ್ಯಗಳು ಅಲ್ಲಲ್ಲಿ ತುಂಡಾದರೆ ಓದುವವರು ಅದನ್ನು ಶೈಲಿ ಎಂದು ತಿಳಿಯಬಾರದು. ಸುಸ್ತು, ಅಷ್ಟೇ.

ಆ ಮನೆ ಅಜ್ಜಿಯದು, ಅಂದರೆ ಅಮ್ಮನ ತಾಯಿಯದು. ನಮ್ಮಲ್ಲಿ ಕುಟುಂಬ ನಡೆಯುವುದು ಹೆಂಗಸರ ಕಡೆಯಿಂದ. ಅಜ್ಜಿ, ಆಮೇಲೆ ಅಮ್ಮ, ಆಮೇಲೆ ನಾನು. ನನಗಿಂತ ನಾಲ್ಕು ವರ್ಷಕ್ಕೆ ಚಿಕ್ಕವನಾದ ತಮ್ಮ ಜಯಕರನೂ ಅದೇ ಕುಟುಂಬದವನು, ಆದರೆ ಅವನಿಗೆ ಹುಟ್ಟುವ ಮಕ್ಕಳು ಅಲ್ಲ. ಅವರು ಅವರ ತಾಯಿಯ ಕುಟುಂಬಕ್ಕೆ ಸೇರಿದವರು. ಹಾಗೆ ನೋಡಿದರೆ ಅಪ್ಪ ನಮ್ಮ ಮನೆಯಲ್ಲಿ ಹನ್ನೆರಡು ವರ್ಷ ಉಂಡು ತಿಂದು ಇದ್ದರೂ ನಮ್ಮ ಕುಟುಂಬದವನಲ್ಲ. ಅವನ ಕುಟುಂಬ ಕೆಮ್ಮಣ್ಣಿನಲ್ಲಿ, ಹೊಳೆಯ ಬದಿಯಲ್ಲಿ. ಇದರಲ್ಲಿ ಯಾರಿಗೂ ಅವಮಾನ ಇರಲಿಲ್ಲ, ಜಗಳವೂ ಇರಲಿಲ್ಲ. ಬಾವಿ ಎಲ್ಲಿದೆ, ಬಚ್ಚಲು ಎಲ್ಲಿದೆ ಎಂದು ಗೊತ್ತಿರುವ ಹಾಗೆ ಮನೆಯ ಮಕ್ಕಳಿಗೆ ಇದೂ ಗೊತ್ತಿರುತ್ತಿತ್ತು. ಮನೆಯ ಮಾತು ತುಳು. ಇಲ್ಲಿ ನಾನು ಅದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಜ್ಜಿ ಬೈದದ್ದು ತುಳುವಿನಲ್ಲಿ ಇನ್ನೂ ಖಾರವಾಗಿತ್ತು.

ಅಪ್ಪನ ಕೆಲಸ ಕೈರಂಪಣಿಯಲ್ಲಿ. ದೋಣಿಯಲ್ಲಿ ಬಲೆಯನ್ನು ಕೊಂಡುಹೋಗಿ ಸಮುದ್ರದಲ್ಲಿ ಸುತ್ತು ಬಿಟ್ಟು ಬಂದ ಮೇಲೆ, ಅದರ ಎರಡು ತುದಿಯ ಹಗ್ಗಗಳನ್ನು ಹತ್ತಾರು ಜನ ದಡದಲ್ಲಿ ಸಾಲಾಗಿ ನಿಂತು ಎಳೆಯಬೇಕು. ಸಾಲಿನಲ್ಲಿ ಒಬ್ಬ ಕೈ ಸಡಿಲ ಬಿಟ್ಟರೆ ಹಿಂದಿನವನಿಗೆ ತಕ್ಷಣ ಗೊತ್ತಾಗುತ್ತದೆ. ಮದುವೆಯಾದ ಹೊಸತರಲ್ಲಿ ಅಪ್ಪ ಸಾಲಿನ ಮುಂದೆ ನಿಲ್ಲುತ್ತಿದ್ದನಂತೆ. ನನಗೆ ಬುದ್ಧಿ ಬರುವ ಹೊತ್ತಿಗೆ ಅವನು ಕೊನೆಗೆ ಬಂದಿದ್ದ. ಆಮೇಲೆ ಸಾಲು ಬಿಟ್ಟು, ಬಲೆಯ ಹರಿದ ಕಣ್ಣು ನೇಯಲು ಕೂತ. ನಾನು ಮತ್ತು ಜಯಕರ ಶಾಲೆಗೆ ರಜೆ ಇದ್ದ ದಿನ ಮರಳಿನಲ್ಲಿ ಆಡುತ್ತಾ ಇರುವಾಗ ಎಳೆಯುವವರ ತಮಾಷೆ ಕಿವಿಗೆ ಬೀಳುತ್ತಿತ್ತು.

"ಎಂತ ಮಾರಾಯ, ಹಗ್ಗವನ್ನು ನೀನು ಎಳೆಯುವುದಾ, ಹಗ್ಗ ನಿನ್ನನ್ನು ಎಳೆಯುವುದಾ?"

ಅಪ್ಪನೂ ನಗುತ್ತಿದ್ದ. ನಕ್ಕು ಮುಗಿಸಲು ಅವನಿಗೆ ಎರಡು ಸಲ ಉಸಿರು ಎಳೆದುಕೊಳ್ಳಬೇಕಾಗುತ್ತಿತ್ತು. ಮನೆಯಲ್ಲಿ ಅಜ್ಜಿಗೆ ತಮಾಷೆ ಬರುತ್ತಿರಲಿಲ್ಲ. ಅಮ್ಮ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಮನೆಮನೆ ಸುತ್ತಿ ಎರಡು ಗಂಟೆಗೆ ಬೆವತು ಬಂದು ಅಂಗಳದಲ್ಲಿ ಕಾಲು ತೊಳೆಯುವುದನ್ನೇ ಅವಳು ಕಾಯುತ್ತಿದ್ದಳು.

"ಬೆಳಿಗ್ಗೆ ಹೋದ ಗಂಡಸು ಹತ್ತು ಗಂಟೆಗೆ ಬಂದು ಕೂತಿದ್ದಾನೆ, ನೋಡು! ಇವನು ಒರಗದಿದ್ದರೆ ನನ್ನ ಗೋಡೆ ಬಿದ್ದು ಹೋಗ್ತದಾ?"

"ಅವರಿಗೆ ಸೌಖ್ಯ ಇಲ್ಲ, ಅಮ್ಮ."

"ಎಂತ ಸೌಖ್ಯ ಇಲ್ಲದ್ದು? ಜ್ವರ ಉಂಟಾ? ಕೆಮ್ಮು ಉಂಟಾ? ಗಾಯ ಉಂಟಾ? ತೋರಿಸು ನನಗೆ ಎಲ್ಲಿ ಉಂಟು ಅಂತ!"

ತೋರಿಸಲು ಏನೂ ಇರಲಿಲ್ಲ. ಅದೇ ಅಪ್ಪನ ಗ್ರಹಚಾರ. ಕೈ ಮುರಿದಿದ್ದರೆ ಅಜ್ಜಿಯೇ ಎಣ್ಣೆ ತಿಕ್ಕುತ್ತಿದ್ದಳು. ಕಾಣದ ಕಾಯಿಲೆಯನ್ನು ನಮ್ಮ ಮನೆಯಲ್ಲಿ ಸೋಮಾರಿತನ ಎಂದೇ ಕರೆಯುತ್ತಿದ್ದರು. ಅಪ್ಪ ಎದ್ದು, ಗೋಡೆ ಹಿಡಿದು, ಹೊರಗಿನ ಜಗಲಿಗೆ ಹೋಗಿ ಕೂರುತ್ತಿದ್ದ. ನನಗೆ ಅಜ್ಜಿಯ ಮೇಲೆ ಸಿಟ್ಟು ಬರುತ್ತಿತ್ತು. ನಿಜ ಹೇಳಬೇಕೆಂದರೆ ಅಪ್ಪನ ಮೇಲೆಯೂ ಬರುತ್ತಿತ್ತು. ಬೇರೆಯವರ ಅಪ್ಪಂದಿರು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಸಮುದ್ರಕ್ಕೆ ಇಳಿಯುತ್ತಿದ್ದರು. ನನ್ನ ಅಪ್ಪ ಜಗಲಿಯ ಮೂರು ಮೆಟ್ಟಿಲು ಹತ್ತಲು ಎರಡನೆಯದರಲ್ಲಿ ನಿಲ್ಲುತ್ತಿದ್ದ. ಒಂದು ದಿನ ನಾನು ಅತ್ತು ಮುಖ ಊದಿಸಿಕೊಂಡು ಪಕ್ಕದಲ್ಲಿ ಕೂತಾಗ ಅವನು ನನ್ನ ಜಡೆ ಎಳೆದು ಹೇಳಿದ:

"ಅಜ್ಜಿಯ ಮೇಲೆ ಕೋಪ ಮಾಡಬೇಡ ಮಗಾ. ಆ ಗೋಡೆಗಾದರೂ ನನ್ನನ್ನು ಬಿಟ್ಟರೆ ಯಾರಿದ್ದಾರೆ?"

ಅಜ್ಜಿ ಕೆಟ್ಟವಳಲ್ಲ. ಇದನ್ನು ಬರೆಯದಿದ್ದರೆ ಅವಳಿಗೆ ಅನ್ಯಾಯವಾಗುತ್ತದೆ. ಅಪ್ಪನ ಪಾದಗಳು ಊದತೊಡಗಿದಾಗ, ಕೊನೆಗೂ ಕಣ್ಣಿಗೆ ಕಾಣುವಂಥದ್ದು ಏನೋ ಸಿಕ್ಕಿತು ಎಂಬಂತೆ ಅವಳು ಆರೈಕೆಗೆ ನಿಂತಳು. ಊದಿದ ಕಾಲನ್ನು ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ಇರುತ್ತಿತ್ತು. ಆ ಗುಳಿ ಮುಚ್ಚುವವರೆಗೆ ಒಂದು, ಎರಡು, ಮೂರು ಎಂದು ಎಣಿಸುವುದು ನನಗೂ ಜಯಕರನಿಗೂ ಒಂದು ಆಟವಾಯಿತು. ಅಪ್ಪನೂ ನಮ್ಮ ಜೊತೆ ಎಣಿಸುತ್ತಿದ್ದ. ಅಜ್ಜಿಯ ಪ್ರಕಾರ ಇದು ಮೈಯಲ್ಲಿ ಸತ್ವ ಕಡಿಮೆಯಾದದ್ದು. ಅದಕ್ಕೆ ಮದ್ದು, ಕುಚ್ಚಲಕ್ಕಿ ಗಂಜಿಯ ತಿಳಿಗೆ ಚೆನ್ನಾಗಿ ಉಪ್ಪು, ಕೆಂಡದಲ್ಲಿ ಸುಟ್ಟ ಒಣಮೀನು, ಮಳೆಗಾಲಕ್ಕೆಂದು ಉಪ್ಪುನೀರಿನಲ್ಲಿ ಹಾಕಿಟ್ಟ ಹಲಸಿನ ಸೊಳೆಯ ಪಲ್ಯ. ದಿನಕ್ಕೆ ಮೂರು ಹೊತ್ತು. ಹಿತ್ತಾಳೆಯ ಬಟ್ಟಲಿನಲ್ಲಿ ಆ ತಿಳಿಯನ್ನು ಅಪ್ಪನಿಗೆ ಕೊಂಡುಹೋಗುವ ಕೆಲಸ ನನ್ನದು.

"ಉಪ್ಪು ಸರಿ ಹಾಕು ಮಗಾ, ಮೈಗೆ ಹಿಡಿಯಲಿ," ಎಂದು ಅಜ್ಜಿ ಒಲೆಯ ಬುಡದಿಂದ ಕೂಗುತ್ತಿದ್ದಳು.

ನಾನು ಸರಿಯಾಗಿಯೇ ಹಾಕುತ್ತಿದ್ದೆ. ಚಾವಡಿಗೆ ಬರುವ ಮೊದಲು ಉಪ್ಪಿನ ಭರಣಿಗೆ ಕೈ ಹಾಕಿ, ಯಾರಿಗೂ ಕಾಣದ ಹಾಗೆ, ಇನ್ನೊಂದು ಚಿಟಿಕೆ ನನ್ನ ಪ್ರೀತಿಯದ್ದು ಸೇರಿಸುತ್ತಿದ್ದೆ. ಹೋದ ವರ್ಷ ಮಣಿಪಾಲದಲ್ಲಿ ಹೃದಯದ ಡಾಕ್ಟರು ನನ್ನನ್ನು ನೋಡಿ ಮೊದಲ ದಿನವೇ ಉಪ್ಪು ಬಿಡಿಸಿದರು. ಉಪ್ಪು ಮೈಯಲ್ಲಿ ನೀರು ನಿಲ್ಲಿಸುತ್ತದೆ, ಬಲ ಕುಂದಿದ ಹೃದಯಕ್ಕೆ ಆ ನೀರನ್ನು ದೂಡಲು ಆಗುವುದಿಲ್ಲ ಎಂದು ವಿವರಿಸಿದರು. ಮನೆಗೆ ಬರುವಾಗ ರಿಕ್ಷಾದಲ್ಲಿ ನಾನು ಅತ್ತೆ. ರಿಕ್ಷಾದವನು ಪಾಪ, ನನಗೆ ಕ್ಯಾನ್ಸರ್ ಎಂದು ತಿಳಿದಿರಬೇಕು. ನಿಧಾನವಾಗಿ ಓಡಿಸಿದ.

ವರ್ಷಕ್ಕೊಮ್ಮೆ ಅಪ್ಪ ನನ್ನನ್ನು ಕೆಮ್ಮಣ್ಣಿಗೆ ಕರೆದುಕೊಂಡು ಹೋಗುತ್ತಿದ್ದ. ಉಡುಪಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು, ಆಮೇಲೆ ತೆಂಗಿನ ತೋಟಗಳ ನಡುವೆ ನಡಿಗೆ. ಐದು ನಿಮಿಷಕ್ಕೊಮ್ಮೆ ಅಪ್ಪ ಯಾವುದಾದರೂ ತೆಂಗಿನ ಬುಡದಲ್ಲಿ ಕೂರುತ್ತಿದ್ದ. ಸುಮ್ಮನೆ ಕೂತರೆ ಮಗಳಿಗೆ ಬೇಸರವಾದೀತೆಂದು ತನ್ನ ಮನೆಯವರ ಕತೆ ಹೇಳುತ್ತಿದ್ದ. ಅವನ ಅಣ್ಣನನ್ನು ಸಮುದ್ರ ಕೊಂಡುಹೋಯಿತು ಎಂದು ಊರವರು ಹೇಳುವುದು. ಆದರೆ ಅವರು ಸಿಕ್ಕಿದ್ದು ನೀರಿನಲ್ಲಲ್ಲ, ತಮ್ಮದೇ ದೋಣಿಯಲ್ಲಿ, ಹುಟ್ಟಿನ ಮೇಲೆ ತಲೆಯಿಟ್ಟು ಕೂತ ಹಾಗೆ. ತಲೆಗೆ ಸುತ್ತಿದ ಬಟ್ಟೆ ಕೂಡ ಒದ್ದೆಯಾಗಿರಲಿಲ್ಲ. ಅವನ ತಂಗಿ, ನನ್ನ ಮಾಮಿ, ಎರಡನೆಯ ಹೆರಿಗೆಯ ಮೇಲೆ ಕಾಲು ಊದಿ, ಉಸಿರು ಸಿಕ್ಕದೆ, ಮಗುವಿಗೆ ಮೂರು ತಿಂಗಳಾಗುವಾಗ ಹೋದಳು. ಅದಕ್ಕೆ ಬಾಣಂತಿ ನಂಜು ಎಂದರು. ಇಬ್ಬರಿಗೂ ನಲ್ವತ್ತು ಆಗಿರಲಿಲ್ಲ. ಇವೆಲ್ಲ ನಾನು ಇತ್ತೀಚೆಗೆ ಪತ್ತೆ ಮಾಡಿದ ಗುಟ್ಟುಗಳಲ್ಲ. ಹತ್ತು ವರ್ಷದವಳಿರುವಾಗಲೇ ನನಗೆ ಎಲ್ಲವೂ ಗೊತ್ತಿತ್ತು.

ನಾನು ಆರನೆಯ ತರಗತಿಯಲ್ಲಿರುವಾಗ ಅಪ್ಪ ತೀರಿಕೊಂಡ. ಶನಿವಾರ, ಶಾಲೆ ಬೇಗ ಬಿಟ್ಟಿತ್ತು. ಗಂಜಿ ತಿಳಿ ಕೊಂಡುಹೋದರೆ ಅಪ್ಪ ಗೋಡೆಗೊರಗಿ ನಿದ್ದೆಯಲ್ಲಿದ್ದ. ಎಬ್ಬಿಸುವುದು ಬೇಡವೆಂದು ಬಟ್ಟಲು ಹಿಡಿದುಕೊಂಡು ಎದುರು ಕೂತೆ. ತಿಳಿ ತಣ್ಣಗಾಗಿ ಮೇಲೆ ಕೆನೆ ಕಟ್ಟಿತು. ಇನ್ನೂ ಕೂತಿದ್ದೆ. ಒಳಗಿಂದ ಅಜ್ಜಿ ಬಂದು ಅವನ ಮುಖ ನೋಡಿದವಳು, ಅಳಿಯನ ಎದುರು ಎಂದೂ ಕೂರದವಳು, ಅವನ ಪಕ್ಕದಲ್ಲೇ ಕುಸಿದು ಕೂತಳು. "ನಾನು ಬೈದದ್ದು ಏಳಲಿ ಅಂತ ಅಲ್ವಾ ಮಾರಾಯ," ಎಂದಳು. ಅಷ್ಟೇ ಅವಳು ಹೇಳಿದ್ದು. ಸಂಜೆಯೊಳಗೆ ಕೆಮ್ಮಣ್ಣಿನವರು ವ್ಯಾನು ಮಾಡಿಕೊಂಡು ಬಂದು ಅಪ್ಪನನ್ನು ಕರೆದೊಯ್ದರು. ಅವನು ಅವರ ಕುಟುಂಬದವನು, ಕ್ರಿಯೆ ಆಗಬೇಕಾದ್ದು ಅಲ್ಲಿ.

ಆ ವರ್ಷದ ಆಟಿ ತಿಂಗಳು ಬಂತು. ಸಮುದ್ರಕ್ಕೆ ಇಳಿಯಲಾಗದ, ದೋಣಿಗಳೆಲ್ಲ ದಡದಲ್ಲಿ ತೆಂಗಿನ ಮಡಲು ಹೊದ್ದು ಮಲಗುವ ಆ ತಿಂಗಳಲ್ಲಿ ನಮ್ಮಲ್ಲಿ ತೀರಿಹೋದ ಹಿರಿಯರಿಗೆ ಬಡಿಸುವ ಕ್ರಮವಿದೆ. ಚಾವಡಿಯಲ್ಲಿ ಸಾಲಾಗಿ ಬಾಳೆಲೆ ಇಟ್ಟು, ಒಬ್ಬೊಬ್ಬರ ಹೆಸರು ಹೇಳಿ, ಕಡುಬು, ಕೋಳಿ ಸಾರು, ಅವರಿಗೆ ಬದುಕಿರುವಾಗ ಇಷ್ಟವಾಗಿದ್ದದ್ದನ್ನು ಬಡಿಸಿ, ಬಾಗಿಲು ಹಾಕಿ ಸ್ವಲ್ಪ ಹೊತ್ತು ಎಲ್ಲರೂ ಹೊರಗೆ ನಿಲ್ಲುವುದು. ಅಜ್ಜಿ ಐದು ಎಲೆ ಇಟ್ಟಳು. ಅವಳ ತಾಯಿಗೆ, ಅಣ್ಣನಿಗೆ, ಹೀಗೆ. ಸಾಲಿನ ಕೊನೆಯ ಎಲೆ ಅಪ್ಪನ ತಲೆಯ ಕಲೆಯ ನೇರ ಕೆಳಗೆ ಬಂದಿತ್ತು. ಅದೇ ಅಪ್ಪನದ್ದು ಎಂದುಕೊಂಡೆ. ಅಜ್ಜಿ ಅದಕ್ಕೆ ಬೇರೆ ಯಾರದೋ ಹೆಸರು ಹೇಳಿದಳು.

"ಅಪ್ಪನ ಎಲೆ ಯಾವುದು ಅಜ್ಜಿ?"

"ಅವನದ್ದು ಕೆಮ್ಮಣ್ಣಿನಲ್ಲಿ ಉಂಟು ಮಗಾ. ಅವನ ತಾಯಿ ಮನೆಯಲ್ಲಿ ಬಡಿಸುತ್ತಾರೆ. ಇಲ್ಲಿ ಬಡಿಸಿದರೆ ಅವನಿಗೆ ಮುಟ್ಟುವುದಿಲ್ಲ."

ಏಳು ವರ್ಷದ ಜಯಕರ ಅಡುಗೆಮನೆಗೆ ಹೋಗಿ ಒಂದು ಸುಟ್ಟ ಒಣಮೀನು ತಂದು, ಎಲೆಯ ಆಚೆ, ಗೋಡೆಯ ಬುಡದಲ್ಲಿ ಬರಿಯ ನೆಲದ ಮೇಲಿಟ್ಟ. ಅಜ್ಜಿ ನೋಡಿದಳು, ಅದನ್ನು ತೆಗೆಯದೆ ಬಾಗಿಲು ಹಾಕಿದಳು. ಅವನು ಚಿಕ್ಕವನು, ಕಲಿಯಲಿಲ್ಲ. ನಾನು ಆ ದಿನ ಚೆನ್ನಾಗಿ ಕಲಿತೆ: ಅಪ್ಪ ಬೇರೆ, ಕುಟುಂಬ ಬೇರೆ. ಶಾಲೆಯಲ್ಲೂ ನಾನು ಕಲಿತದ್ದನ್ನು ಮರೆಯುವವಳಲ್ಲ ಎಂದೇ ಹೆಸರು ಪಡೆದಿದ್ದೆ.

ಜಯಕರ ದೊಡ್ಡವನಾಗಿ ಕಾರ್ಕಳದ ಶಶಿಕಲಾಳನ್ನು ಮದುವೆಯಾಗಿ ಅಲ್ಲೇ ಒಂದು ಗ್ಯಾರೇಜ್ ಇಟ್ಟುಕೊಂಡ. ಒಬ್ಬಳೇ ಮಗಳು, ದೀಕ್ಷಾ. ನಲ್ವತ್ತೈದರ ಹೊತ್ತಿಗೆ ಅವನಿಗೆ ಏದುಸಿರು ಶುರುವಾಯಿತು. ಡಾಕ್ಟರ ಬಳಿಗೆ ಹೋಗುವಾಗ ಓದಿದವಳು ಎಂದು ನನ್ನನ್ನೂ ಕರೆದರು. ಡಾಕ್ಟರು ಕೇಳಬೇಕಾದದ್ದನ್ನೇ ಕೇಳಿದರು.

"ಕುಟುಂಬದಲ್ಲಿ ಯಾರಿಗಾದರೂ ಹೃದಯದ ತೊಂದರೆ ಉಂಟಾ? ಸಣ್ಣ ಪ್ರಾಯದಲ್ಲಿ ತೀರಿಕೊಂಡವರು?"

"ಇಲ್ಲ ಡಾಕ್ಟ್ರೇ. ನಮ್ಮದು ಗಟ್ಟಿ ಕುಟುಂಬ. ಅಜ್ಜಿ ತೊಂಬತ್ತು ದಾಟಿದವರು," ಎಂದೆ ನಾನು.

ಹೇಳುವಾಗ ಸ್ವಲ್ಪ ಹೆಮ್ಮೆಯೂ ಇತ್ತು. ಜಯಕರ ತಲೆಯಾಡಿಸಿದ. ನಾನು ಹೇಳಿದ್ದನ್ನು ಡಾಕ್ಟರು ಬರೆದುಕೊಂಡರು. ಗ್ಯಾರೇಜಿನ ಧೂಳು, ಹೊಗೆ ಇರಬೇಕೆಂದು ಉಸಿರಿನಲ್ಲಿ ಎಳೆದುಕೊಳ್ಳುವ ಮದ್ದು ಕೊಟ್ಟರು. ಒಂಬತ್ತು ತಿಂಗಳ ಮೇಲೆ ಒಂದು ಬೆಳಿಗ್ಗೆ ಜಯಕರ ಗ್ಯಾರೇಜಿನ ಶಟರ್ ಎತ್ತಲು ಬಗ್ಗಿದವನು ಏಳಲಿಲ್ಲ. ಆಗ ಅಜ್ಜಿಯೂ ಇರಲಿಲ್ಲ, ಅಮ್ಮನೂ ಚಿಕ್ಕಮ್ಮನೂ ಇರಲಿಲ್ಲ. ಕುಟುಂಬದ ಹಿರಿಯ ಹೆಂಗಸು ನಾನೇ. ಅವನ ಕ್ರಿಯೆ ಕಾಪುವಿನಲ್ಲಿ ಆಯಿತು, ಆಟಿಯಲ್ಲಿ ಅವನ ಎಲೆಯನ್ನು ನಾನೇ ಇಟ್ಟೆ. ಶಶಿಕಲಾ ಮಗಳನ್ನು ಕರೆದುಕೊಂಡು ಬಂದಿದ್ದಳು. ದೀಕ್ಷಾಳಿಗೆ ಆಗ ಹದಿನಾಲ್ಕು.

"ನಮ್ಮ ಮನೆಯಲ್ಲಿ ಅಪ್ಪನಿಗೆ ಯಾಕೆ ಬಡಿಸುವುದಿಲ್ಲ ಮಾಮಿ?"

ನಾನು ಅಜ್ಜಿಯ ಉತ್ತರವನ್ನೇ, ಇಲ್ಲಿ ಎಂಬುದನ್ನು ಅಲ್ಲಿ ಎಂದಷ್ಟೇ ಬದಲಿಸಿ, ಒಪ್ಪಿಸಿದೆ. ಅಲ್ಲಿ ಬಡಿಸಿದರೆ ಅವನಿಗೆ ಮುಟ್ಟುವುದಿಲ್ಲ. ಶಶಿಕಲಾ ಮಗಳ ಕೈ ಹಿಡಿದುಕೊಂಡು ಊಟ ಮಾಡದೆ ಹೊರಟಳು. ಆಮೇಲೆ ಹದಿಮೂರು ವರ್ಷ ನಾವು ಮಾತಾಡಲಿಲ್ಲ.

ಮಣಿಪಾಲದಲ್ಲಿ ನನ್ನ ಹೃದಯದ ಸ್ನಾಯು ತೆಳ್ಳಗಾಗಿ ಹಿಗ್ಗಿದೆ ಎಂದು ಗೊತ್ತಾದ ಮೇಲೆ, ಇದು ವಂಶದಲ್ಲಿ ಬಂದದ್ದಿರಬಹುದು ಎಂದು ರಕ್ತವನ್ನು ಜೀನ್ ಪರೀಕ್ಷೆಗೆ ಕಳುಹಿಸಿದರು. ಅದರ ವಿಷಯ ತಿಳಿಸಿ ಹೇಳಲು ಒಬ್ಬಳು ಹುಡುಗಿ ಇದ್ದಾಳೆ, ನನ್ನ ಹಳೆಯ ವಿದ್ಯಾರ್ಥಿನಿಯರ ಪ್ರಾಯದವಳು. ಒಂದು ದೊಡ್ಡ ಹಾಳೆ ತೆಗೆದು ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ ಬರೆಯುತ್ತಾ ಹೋದಳು. ಅಜ್ಜಿ, ಅಜ್ಜಿಯ ಅಣ್ಣ, ಅಮ್ಮ, ಚಿಕ್ಕಮ್ಮ ಎಂದು ನಾನು ಹೇಳುತ್ತಾ ಹೋದೆ. ಹಾಳೆಯ ಎಡಭಾಗ ತುಂಬಿತು. ಬಲಭಾಗ ಖಾಲಿ.

"ತಂದೆಯ ಕಡೆ, ಟೀಚರ್?"

"ತಂದೆಯ ಕಡೆಯವರು ನಮ್ಮ ಕುಟುಂಬದವರಲ್ಲ. ನಮ್ಮದು ತಾಯಿಯ ಕಡೆಯಿಂದ."

ಅವಳು ಪೆನ್ನು ಕೆಳಗಿಟ್ಟಳು. ಅವಳೂ ಈ ಊರಿನವಳೇ ಇರಬೇಕು, ನಗಲಿಲ್ಲ.

"ಅದು ನನಗೆ ಗೊತ್ತುಂಟು ಟೀಚರ್. ಆದರೆ ನಿಮ್ಮ ಅರ್ಧ ರಕ್ತ ಅವರದ್ದೇ ಅಲ್ವಾ?"

ನಾನು ಹೇಳತೊಡಗಿದೆ. ಎಲ್ಲ ಬಂತು, ಒಂದರ ಹಿಂದೆ ಒಂದು. ಅಪ್ಪನ ಬೆನ್ನು, ಗೋಡೆ, ಊದಿದ ಕಾಲು, ಒದ್ದೆಯಾಗದ ತಲೆಬಟ್ಟೆ, ಮೂರು ತಿಂಗಳ ಮಗು. ಅವಳು ಚೌಕ, ವೃತ್ತ ಬರೆದು, ತೀರಿಹೋದ ಗುರುತಿಗೆ ಒಂದೊಂದಕ್ಕೂ ಅಡ್ಡಗೆರೆ ಎಳೆದಳು. ಸಮುದ್ರ, ನಂಜು, ಸೋಮಾರಿತನ, ಗ್ಯಾರೇಜಿನ ಧೂಳು ಎಂದು ನಾವು ಬೇರೆ ಬೇರೆ ಹೆಸರಿಟ್ಟ ಸಾವುಗಳೆಲ್ಲ ಒಂದೇ ಸಾಲಿನಲ್ಲಿ ನಿಂತವು. ಕೆಲವು ವಾರಗಳ ಮೇಲೆ ವರದಿ ಬಂತು. ಹೃದಯದ ಸ್ನಾಯುವಿಗೆ ಬಿಗಿ ಕೊಡುವ ಒಂದು ಜೀನಿನಲ್ಲಿ ದೋಷ. ಹುಡುಗಿ ವಿವರಿಸಿದಳು: ಈ ದೋಷ ಇರುವ ತಂದೆಯಿಂದಲೋ ತಾಯಿಯಿಂದಲೋ ಮಗುವಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ. ಬಂದರೂ ಎಲ್ಲರಿಗೂ ಕಾಯಿಲೆ ಆಗಲೇಬೇಕೆಂದಿಲ್ಲ. ಮೊದಲೇ ತಿಳಿದರೆ ಮದ್ದು ಇದೆ. ಕೆಲವು ಹೆಂಗಸರಲ್ಲಿ ಬಸಿರು, ಹೆರಿಗೆಯ ಭಾರಕ್ಕೆ ಅದು ಹೊರಗೆ ಬೀಳುತ್ತದೆ.

"ನಿಮಗೆ ಮಕ್ಕಳಿಲ್ಲ ಅಂದಿರಿ. ನಿಮ್ಮ ತಮ್ಮನಿಗೂ ಇದೇ ಇದ್ದಿರಬೇಕು. ಅವರಿಗೆ ಮಕ್ಕಳು?"

"ಒಬ್ಬಳು ಮಗಳು. ಕಾರ್ಕಳದಲ್ಲಿ ತಾಯಿ ಮನೆಗೆ ಹೆರಿಗೆಗೆ ಬಂದಿದ್ದಾಳಂತೆ. ಏಳು ತಿಂಗಳು ಅವಳಿಗೆ."

ಹುಡುಗಿ ಬರೆಯುತ್ತಿದ್ದ ವೃತ್ತವನ್ನು ಅರ್ಧಕ್ಕೆ ನಿಲ್ಲಿಸಿ, ಹಾಳೆಯ ಮೇಲಿದ್ದ ಮಾಮಿಯ ವೃತ್ತವನ್ನು ನೋಡಿದಳು.

"ನಾಳೆಯೇ ಹೋಗಿ ಹೇಳಿ ಟೀಚರ್."

ಮರುದಿನ ಕಾರ್ಕಳದ ಬಸ್ಸಿನಲ್ಲಿ ಕೂತಾಗ ನನಗೆ ಕಾಯಿಲೆಗಿಂತ ಶಶಿಕಲಾಳ ಹೆದರಿಕೆಯೇ ಹೆಚ್ಚಾಗಿತ್ತು. ಅವರ ಜಗಲಿಗೂ ಮೂರು ಮೆಟ್ಟಿಲು. ಎರಡನೆಯದರಲ್ಲಿ ನಾನು ನಿಂತೆ. ಅವಳು ಬಾಗಿಲಲ್ಲಿ ನಿಂತು ನೋಡಿದಳು.

"ಹದಿಮೂರು ವರ್ಷಕ್ಕೆ ಈಗ ದಾರಿ ಗೊತ್ತಾಯಿತಾ ಅಕ್ಕ?"

ಬೆಂಚಿನ ಮೇಲೆ ಕೂತು, ತುಂಡು ತುಂಡಾಗಿ, ಉಸಿರು ಸಿಕ್ಕಷ್ಟು ಹೇಳಿದೆ. ಅವಳು ಕೊನೆಯವರೆಗೆ ಕೇಳಿದಳು.

"ಡಾಕ್ಟ್ರು ಕೇಳಿದಾಗ ನಾನು ಅಲ್ಲೇ ನಿಂತಿದ್ದೆ. ಗಟ್ಟಿ ಕುಟುಂಬ ಅ‍ಂತ ಹೇಳಿದ್ದು ನೀವು."

"ಹೌದು. ನಾನೇ."

"ನಿಮ್ಮ ಅಪ್ಪ ಹಾಗೆ ಹೋದದ್ದು ನಿಮಗೆ ಗೊತ್ತಿತ್ತು. ಮತ್ತೆ ಯಾಕೆ ಹೇಳಲಿಲ್ಲ?"

"ಅಪ್ಪನ ನೆನಪೇ ಬರಲಿಲ್ಲ ಶಶಿ. ಕುಟುಂಬ ಎಂದಾಗ ನಾನು ಕಾಪುವನ್ನು ಮಾತ್ರ ನೆನೆದೆ."

ಅವಳು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಸೆರಗಿನಿಂದ ಮುಖ ಒರೆಸಿಕೊಂಡು, "ಬಸುರಿಯ ಹತ್ತಿರ ಇದೆಲ್ಲ ಈಗ ಬೇಡ, ಹೆರಿಗೆ ಆಗಲಿ," ಎಂದಳು. ಅಷ್ಟರಲ್ಲಿ ದೀಕ್ಷಾ ಒಳಗಿನ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಗೊತ್ತಿಲ್ಲ. ಜಯಕರನದ್ದೇ ಹಣೆ. ಒಂದು ಕೈ ಗೋಡೆಯ ಮೇಲಿತ್ತು.

"ಮಾಮಿ, ನಿಮ್ಮ ಅಪ್ಪ ಕೂತೇ ಮಲಗುತ್ತಿದ್ದರು ಅಂತ ಅಪ್ಪ ಹೇಳ್ತಿದ್ದರು. ಹೇಗೆ ಕೂರುತ್ತಿದ್ದರು?"

ನಾನು ತೋರಿಸಿದೆ. ಬೆಂಚಿನಿಂದ ಇಳಿದು ನೆಲದಲ್ಲಿ ಕೂತು, ಗೋಡೆಗೆ ಬೆನ್ನು ಕೊಟ್ಟು, ಬಲಗಡೆ ನನ್ನ ಚೀಲ ಒತ್ತಿಟ್ಟು, ತಲೆ ಹಿಂದಕ್ಕೆ ಇಟ್ಟು ಕಣ್ಣು ಮುಚ್ಚಿದೆ. ಕಣ್ಣು ತೆರೆದಾಗ ಅವಳು ತಾಯಿಯನ್ನು ನೋಡುತ್ತಿದ್ದಳು.

"ಹತ್ತು ದಿನದಿಂದ ನಾನೂ ಹಾಗೆಯೇ ಮಲಗುವುದು. ಬಸುರಿಯರಿಗೆ ಹಾಗಾಗ್ತದೆ ಅಂತ ನೀನು ಹೇಳಿದೆ ಅಲ್ವಾ ಅಮ್ಮ?"

ಶಶಿಕಲಾ ಒಳಗೆ ಹೋಗಿ ಮಗಳ ಚಪ್ಪಲಿ ತಂದಿಟ್ಟಳು. ಅರ್ಧ ಗಂಟೆಯಲ್ಲಿ ಬಾಡಿಗೆ ಕಾರಿನಲ್ಲಿ ನಾವು ಮೂವರೂ ಮಣಿಪಾಲದ ದಾರಿಯಲ್ಲಿದ್ದೆವು. ಆಮೇಲೆ ನಡೆದದ್ದನ್ನೆಲ್ಲ ಬರೆಯುವ ಶಕ್ತಿ ನನಗಿಲ್ಲ. ಅವಳಿಗೂ ಅದೇ ಇತ್ತು, ಸಮಯಕ್ಕೆ ಸಿಕ್ಕಿತು. ತಾಯಿ, ಮಗು ಇದ್ದಾರೆ. ಅವಳಿಗೂ ಮಾತ್ರೆ ಉಂಟು, ಹೆದರಿಕೆಯೂ ಉಂಟು. ಕಾಪುವಿನ ಆ ಗೋಡೆಗೆ ಚಿಕ್ಕಮ್ಮನ ಮಕ್ಕಳು ಟೈಲ್ಸ್ ಹಾಕಿಸಿದ್ದಾರೆ, ಕಲೆ ಈಗಿಲ್ಲ. ನಾನು ಬರೆಯಬೇಕೆಂದು ಕೂತದ್ದು ಆ ಮಧ್ಯಾಹ್ನದ ಒಂದು ನಿಮಿಷವನ್ನು.

ದೀಕ್ಷಾಳನ್ನು ಮಂಚದ ಮೇಲೆ ಒರಗಿಸಿ ಕೂರಿಸಿದ್ದರು. ಒಬ್ಬ ಚಿಕ್ಕ ಪ್ರಾಯದ ಡಾಕ್ಟರು ಬಂದು, ಹಾಳೆಯಿಂದ ತಲೆಯೆತ್ತದೆ ಕೇಳಿದರು:

"ಕುಟುಂಬದಲ್ಲಿ ಯಾರಿಗಾದರೂ ಹೃದಯದ ತೊಂದರೆ ಇತ್ತಾ?"

ದೀಕ್ಷಾ ತಾಯಿಯನ್ನು ನೋಡಿದಳು. ಶಶಿಕಲಾ ನನ್ನ ತೋಳು ಮುಟ್ಟಿದಳು.

"ಅಕ್ಕ, ನೀವು ಹೇಳಿ."

"ಉಂಟು ಡಾಕ್ಟ್ರೇ," ಎಂದೆ. ಉಸಿರು ಎಳೆದುಕೊಂಡೆ. "ಕೆಮ್ಮಣ್ಣಿನಿಂದ ಶುರು ಮಾಡಿ. ಮೊದಲು ಈ ಹುಡುಗಿಯ ಅಜ್ಜ, ನನ್ನ ಅಪ್ಪ. ಹೆಸರು ಶೀನ."

ಡಾಕ್ಟರು ಬರೆದುಕೊಂಡರು.